ತಾವೇ ಬಂದ ಮೂರು ಎಕ್ಕ

ಬಸ್ತಿಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡಿಸೆಂಬರಿನ ಚಳಿ. ಉಗ್ರಪ್ಪ ಜಗಲಿಯ ಮೇಲೆ ಕುಳಿತು ಬಲಗೈಯನ್ನು ಬಿಸಿನೀರಿನ ಪಾತ್ರೆಯಲ್ಲಿ ಅದ್ದಿಕೊಂಡಿದ್ದಾರೆ. ಹೆಂಡತಿ ದೇವೀರಮ್ಮ ಒಲೆಯ ಮೇಲಿಂದ ಇನ್ನೊಂದು ಚೊಂಬು ನೀರು ತಂದು ಸುರಿಯುತ್ತಾರೆ. ಕೈ ಒರೆಸಿಕೊಂಡ ಉಗ್ರಪ್ಪ ಇಸ್ಪೀಟ್ ಕಟ್ಟು ಎತ್ತಿಕೊಳ್ಳುತ್ತಾರೆ. ಮೇಲಿನ ಎಲೆಯನ್ನು ಯಾರಿಗೂ ಕಾಣದಂತೆ ಅಂಗೈಯೊಳಗೆ ಅಡಗಿಸಬೇಕು. ಒಂದು ಮೂಲೆ ಹೆಬ್ಬೆರಳಿನ ಬುಡದಲ್ಲಿ ಕೂರಬೇಕು, ಎದುರಿನ ಮೂಲೆಯನ್ನು ಕಿರುಬೆರಳು ಒತ್ತಿ ಹಿಡಿಯಬೇಕು. ಕಿರುಬೆರಳು ಮಡಚುವುದಿಲ್ಲ. ಎಲೆ ಜಾರಿ ನೆಲಕ್ಕೆ ಬೀಳುತ್ತದೆ. ಎತ್ತಿಕೊಂಡು ಮತ್ತೆ ಶುರು ಮಾಡುತ್ತಾರೆ.

"ಬಿಸ್ಲು ಏರಿದ್ಮೇಲೆ ಒಸಿ ಬಗ್ತೈತೆ" ಎನ್ನುತ್ತಾರೆ. ಆ ಮಾತನ್ನು ಅವರೇ ಅಷ್ಟಾಗಿ ನಂಬಿದಂತಿಲ್ಲ.

ಹಳೇಬೀಡಿನ ಗುಡಿಯ ಎದುರು ಶಾಲಾ ಪ್ರವಾಸದ ಬಸ್ಸುಗಳು ನಿಲ್ಲುವ ಜಾಗವೇ ಅವರ ರಂಗಸ್ಥಳ. ಗೋಡೆಯ ಶಿಲ್ಪಗಳನ್ನು ನೋಡಿ ನೋಡಿ ಆಕಳಿಸುತ್ತಾ ಹೊರಬರುವ ಮಕ್ಕಳು ಉಗ್ರಪ್ಪನವರ ಸುತ್ತ ಸೇರುತ್ತಾರೆ. ಒಬ್ಬಳು ಒಂದು ಎಲೆ ಆರಿಸಿ, ಗೆಳತಿಯರಿಗೆಲ್ಲ ತೋರಿಸಿ, ಮತ್ತೆ ಕಟ್ಟಿನೊಳಗೆ ತೂರಿಸುತ್ತಾಳೆ. ಉಗ್ರಪ್ಪ ಕಲಸುತ್ತಾರೆ, ಊದುತ್ತಾರೆ, ಮೇಷ್ಟ್ರ ಮುಂದೆ ನಿಂತು "ಸ್ವಾಮೇರೇ, ರಾಣೀನ ಎತ್ತಾಕ್ಕೊಂಡು ಎಲ್ಲಿಗೆ ಹೊಂಟ್ರಿ?" ಎಂದು ಅವರ ಜೇಬಿನಿಂದಲೇ ಆಟೀನ್ ರಾಣಿಯನ್ನು ಹೊರತೆಗೆಯುತ್ತಾರೆ. ಹೋ ಎಂದು ಕೂಗೆದ್ದರೆ ಆ ದಿನ ಗೆದ್ದಂತೆ. ಬೇಲೂರು, ಕಣಕಟ್ಟೆ ಕಡೆಯ ಶಾಲೆಗಳ ವಾರ್ಷಿಕೋತ್ಸವಗಳಿಗೂ ಕರೆ ಬರುತ್ತದೆ. ಮನೆಯ ಒಲೆ ಉರಿಯುವುದು ಇದರಿಂದಲೇ.

ಪ್ರಾಯದಲ್ಲಿ ಅವರು ಅರಸೀಕೆರೆ ಸ್ಟೇಷನ್ನಿನ ಹೊರಗಿದ್ದ ಟೀ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದರು. ರೈಲು ಬದಲಿಸಲು ಅಲ್ಲಿ ಇಳಿಯುತ್ತಿದ್ದ ಮುದಿ ಜಾದೂಗಾರನೊಬ್ಬ, ಹೊತ್ತು ಹೋಗಲೆಂದು ಇವರಿಗೆ ಎಲೆ ಹಿಡಿಯುವುದನ್ನು ಹೇಳಿಕೊಟ್ಟ. "ರೈಲು ಲೇಟಾದಷ್ಟೂ ನಂಗೆ ಪಾಠ ಜಾಸ್ತಿ ಆಗೋದು. ದಿನಾ ಲೇಟಾಗ್ಲಪ್ಪಾ ಅಂತ ಮಾಲೇಕಲ್ಲು ತಿಮ್ಮಪ್ಪಂಗೆ ಹರಕೆ ಹೊತ್ಕಂಡಿದ್ದೆ" ಎಂದು ನಗುತ್ತಾರೆ. ಇಡೀ ಬೆಳಗಿಗೆ ಅವರು ನಕ್ಕಿದ್ದು ಅದೊಂದೇ ಸಲ.

ಏಕೆಂದರೆ ಆ ವಿದ್ಯೆ ಅನ್ನ ಕೊಟ್ಟಿತು, ನಂಬಿಕೆಯನ್ನು ಕಿತ್ತುಕೊಂಡಿತು. ಅಂಗಡಿಯಲ್ಲಿ ಬೆಲ್ಲ ತೂಗಿಸಿಕೊಂಡರೆ ಅಂಗಡಿಯವನ ಕಣ್ಣು ತಕ್ಕಡಿಯ ಮೇಲಿರುವುದಿಲ್ಲ, ಇವರ ಕೈಮೇಲಿರುತ್ತದೆ. ಅದನ್ನು ಹೇಗೋ ನುಂಗಿಕೊಂಡಾರು. ನುಂಗಲಾಗದ್ದು ಯುಗಾದಿ. ಆವತ್ತು ಇಡೀ ಬೀದಿ ಇಸ್ಪೀಟ್ ಆಡುತ್ತದೆ. ವರ್ಷವಿಡೀ ಎಲೆ ಮುಟ್ಟದವರೂ ಹೋಳಿಗೆ ತಿಂದು ಬಂದು ಮೂರೆಲೆಗೆ ಕೂರುತ್ತಾರೆ. ಉಗ್ರಪ್ಪನವರಿಗೆ ಮಾತ್ರ ಯಾರೂ ಎಲೆ ಹಾಕುವುದಿಲ್ಲ.

ಹಿಂದೊಮ್ಮೆ ಹಾಕಿದ್ದರು. ದೇವೀರಮ್ಮನ ತಮ್ಮ ಪುಟ್ಟಸ್ವಾಮಿಯ ಜಗಲಿಯಲ್ಲಿ ಆಟ. ಕಲಸಿ ಹಾಕಿದವನೂ ಪುಟ್ಟಸ್ವಾಮಿಯೇ. ಉಗ್ರಪ್ಪ ತಮ್ಮ ಮೂರು ಎಲೆ ತಿರುಗಿಸಿದರೆ ಮೂರೂ ಎಕ್ಕ. ಮೂರೆಲೆಯಲ್ಲಿ ಅದನ್ನು ಮೀರಿಸುವ ಎಲೆಯಿಲ್ಲ. ಪುಟ್ಟಸ್ವಾಮಿ ಎಲೆಗಳನ್ನು ಬಾಚಿಕೊಂಡು, "ಎದ್ದೇಳಿ ಭಾವ. ನಿಮ್ ವಿದ್ಯೇನ ನಮ್ಮತ್ರ ತೋರಿಸ್ಬ್ಯಾಡಿ" ಎಂದ.

"ಅವು ತಾವೇ ಬಂದಿದ್ವು ಕಣ್ರೀ" ಎನ್ನುತ್ತಾರೆ ಉಗ್ರಪ್ಪ. "ಜೀವಮಾನದಾಗೆ ನಾನು ತರದೆ ಎಕ್ಕ ಬಂದಿದ್ದು ಅದೊಂದೇ ಸಲ. ಮನೇಗ್ ಬಂದ್ರೆ ಇವ್ಳೂ ಕೇಳಿದ್ಲು, ನಿಜ ಹೇಳ್ರೀ, ಕೈ ಆಡಿಸಿದ್ರಾ ಅಂತ."

ದೇವೀರಮ್ಮ ಪಾತ್ರೆಯ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲುತ್ತಾರೆ. "ಬಾಯಿಂದ ಬಂದೋಯ್ತು" ಎಂದಷ್ಟೇ ಹೇಳುತ್ತಾರೆ. ಕಟ್ಟಿಕೊಂಡವಳೇ ಕೇಳಿದ ಮೇಲೆ ಆ ಮನುಷ್ಯ ಇನ್ನಾರ ಮುಂದೆ ಆಣೆ ಹಾಕಬೇಕು?

ಈ ವರ್ಷ ಬೆರಳಿನ ಗಂಟುಗಳು ಊದಿವೆ. ಹೋದ ವಾರ ಕಣಕಟ್ಟೆಯ ಶಾಲೆಯೊಂದರಲ್ಲಿ, ಮಕ್ಕಳ ಎದುರೇ ಅಂಗೈಯ ಎಲೆ ಜಾರಿ ಬಿತ್ತು. "ಇದೂ ಆಟಾನೇ!" ಎಂದು ಕೂಗಿ ಹೇಗೋ ಮಾನ ಉಳಿಸಿಕೊಂಡರು. ಗಂಟು ಸವೆದಿದೆ, ಮೊದಲಿನಂತಾಗದು ಎಂದು ಹಾಸನದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಗಂಡಹೆಂಡಿರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಶಾಲೆಗಳಿಂದ ಕರೆ ಬರುವುದಿಲ್ಲ.

ಅದಕ್ಕೇ, ಪೇಪರಿಗೆ ಬರೆಯಲು ಬಂದವರಿಗೆ ದೇವೀರಮ್ಮ ಕೈ ಮುಗಿಯುತ್ತಾರೆ. "ಬೆರಳಿನ್ ಇಸ್ಯ ಒಂದು ಬಿಟ್ಟುಬಿಡಿ. ಹೊಟ್ಟೇಪಾಡು."

ಉಗ್ರಪ್ಪ ಊದಿದ ಬೆರಳನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತಾರೆ.

"ಇಲ್ಲ, ಬರೀರಿ" ಎನ್ನುತ್ತಾರೆ.

"ಹೊಟ್ಟೆಗ್ ಏನ್ ಮಾಡಾದು?" ದೇವೀರಮ್ಮನ ದನಿ ಏರುತ್ತದೆ.

"ಗುಡಿ ಫೋಟೋದ ಕಾರ್ಡ್ ಮಾರ್ತೀನಿ ಕಣೇ. ಅದ್ಕೆ ಕಿರುಬೆರಳು ಬೇಕಾಗಿಲ್ಲ." ಆಮೇಲೆ ಬಂದವರ ಕಡೆ ತಿರುಗುತ್ತಾರೆ. "ಉಗ್ರಪ್ಪನ ಕೈನಾಗೆ ಇನ್ನು ಒಂದು ಎಲೇನೂ ನಿಲ್ಲಲ್ಲ ಅಂತ ದಪ್ಪಕ್ಷರದಾಗೆ ಹಾಕ್ಸಿ. ನಾನ್ ಹೇಳಿದ್ರೆ ಪುಟ್ಟಸ್ವಾಮಿ ನಂಬಾಕಿಲ್ಲ. ಪೇಪರ್ನಾಗೆ ಬಂದ್ರೆ ನಂಬ್ತಾನೆ."

ಬಿಸಿಲು ಜಗಲಿಗೆ ಬಂದಿದೆ. ಬೆರಳು ಬಗ್ಗಿಲ್ಲ. ಉಗ್ರಪ್ಪ ನೆಲದ ಮೇಲಿನ ಎಲೆಗಳನ್ನು ಒಂದೊಂದಾಗಿ ಆರಿಸಿ ಕಟ್ಟಿಗೆ ಸೇರಿಸುತ್ತಾರೆ.

"ಬರೋ ಯುಗಾದಿಗೆ ನಂಗೂ ಮೂರೆಲೆ ಹಾಕ್ಲಿ. ಸೋಲೋ ಎಲೇನೇ ಬರ್ಲಿ, ಬೇಜಾರಿಲ್ಲ. ಹಾಕೋವಾಗ ನನ್ ಮುಖ ನೋಡ್ಕಂಡು ಹಾಕ್ಲಿ, ಕೈ ನೋಡ್ಕಂಡಲ್ಲ."