ಟೀಚರ್ ದನಿಯಲ್ಲಿ ನಾನಾಡಿದ ಮಾತು

ಶಾರದಾ ಟೀಚರ್, ನಾಗರಾಜನನ್ನು ಮೋಸಗಾರ ಎಂದದ್ದು ನೀವಲ್ಲ, ನಾನು. ನಿಮ್ಮ ದನಿಯಲ್ಲಿ ಅಂದೆ — ಅದಕ್ಕೇ ಇಷ್ಟು ವರ್ಷವಾದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಕಣ್ಣು ಕಾಣದವರಿಗೆ ಕಂಪ್ಯೂಟರಿನ ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶ ಮಾಡಲು ಹಾಸನದಲ್ಲಿ ನಾವು ನಾಲ್ಕಾರು ಮಂದಿ ಭಾನುವಾರ ಸೇರುತ್ತಿದ್ದೆವು. ಅದಕ್ಕೊಂದು ದನಿ ಬೇಕಿತ್ತು. ಅರಕಲಗೂಡಿನ ಮನೆಯಲ್ಲಿ ನೀವು ಸದ್ದಾಗದಂತೆ ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ, ತಲೆಬುಡವಿಲ್ಲದ ಸಾಲುಗಳನ್ನೆಲ್ಲ ಓದಿಕೊಟ್ಟಿರಿ, ನಾವು ಮುದ್ರಿಸಿಕೊಂಡೆವು. ಆಮೇಲೆ ನಾವು ಏನು ಟೈಪ್ ಮಾಡಿದರೂ ಕಂಪ್ಯೂಟರು ನಿಮ್ಮ ದನಿಯಲ್ಲೇ ಹೇಳತೊಡಗಿತು. ಅದನ್ನು ಪುಕ್ಕಟೆ ಕೊಟ್ಟೆವು. ಯಾರು ಬೇಕಾದರೂ ಹಂಚಬಹುದು, ಮಾರಲೂಬಹುದು ಎಂದು ಪರವಾನಗಿಯಲ್ಲಿ ಬರೆದವನು ನಾನೇ. ಬರೆಯುವಾಗ ನಾನು ಭಾರಿ ಉದಾರಿ.

ನಿಮ್ಮ ಹಳೇ ವಿದ್ಯಾರ್ಥಿ ನಾಗರಾಜ ಚನ್ನರಾಯಪಟ್ಟಣದ ತನ್ನ ಅಂಗಡಿಯಿಂದ ಅದನ್ನು ದುಡ್ಡಿಗೆ ಮಾರುತ್ತಾನೆಂದು ಕೇಳಿದಾಗ ಮೈ ಉರಿಯಿತು. ಅವನು ಗಿರಾಕಿಯ ಮನೆಗೇ ಹೋಗಿ, ಪಕ್ಕದಲ್ಲಿ ಕೂತು, ಬೆರಳು ಹಿಡಿದು ಕಲಿಸಿ ಬರುತ್ತಿದ್ದ — ನಾವ್ಯಾರೂ ಮಾಡದ ಕೆಲಸ. ಅದು ನನಗೆ ಗೊತ್ತಿತ್ತು, ಆದರೂ… ಅವನನ್ನೊಮ್ಮೆ ಮಾತಾಡಿಸಿ ನೋಡೋಣ ಎಂದರು ಗೆಳೆಯರು. ನಾನು ಯಾರಿಗೂ ಹೇಳದೆ ಹೊಸ ಆವೃತ್ತಿಯಲ್ಲಿ ಒಂದು ಸಾಲು ಸೇರಿಸಿದೆ. ತಂತ್ರಾಂಶ ಶುರುವಾದೊಡನೆ ಅದು ಹೇಳುತ್ತಿತ್ತು: “ಇದು ಉಚಿತ. ಇದಕ್ಕೆ ದುಡ್ಡು ಪಡೆದವರು ಮೋಸಗಾರರು.”

ಹೊಳೆನರಸೀಪುರದ ಒಂದು ಮನೆಯಲ್ಲಿ ಎಲ್ಲರೂ ಸುತ್ತ ಕೂತಿದ್ದಾಗ, ಕೇಳಿ, ಇದು ನಮ್ಮ ಟೀಚರ್ ದನಿ ಎಂದು ನಾಗರಾಜ ಹೆಮ್ಮೆಯಿಂದ ಆ ಹೊಸ ಆವೃತ್ತಿಯನ್ನು ಶುರುಮಾಡಿದನಂತೆ. ಅವನನ್ನೇ ಬೈಯಿತು ಆ ದನಿ. ತಲೆ ತಗ್ಗಿಸಿಕೊಂಡು ಬಂದವನು ಆ ವ್ಯಾಪಾರ ಬಿಟ್ಟ. ನಿಮ್ಮ ಮನೆಗೆ ಬರುವುದನ್ನೂ ಬಿಟ್ಟ.

ನೀವು ನನಗೆ ಫೋನ್ ಮಾಡಿದಿರಿ. “ಅವ್ನು ನಮ್ಮನೇಲಿ ಉಂಡು ಬೆಳ್ದೋನು ಕಣಪ್ಪ. ನಾನ್ಯಾವತ್ತು ಅಂಗಂದೆ?”

“ಅದು ಕಂಪ್ಯೂಟರ್ ತಪ್ಪು, ಟೀಚರ್” ಎಂದೆ.

ನೀವು ನಂಬಿದಿರಿ, ಅವನಿಗೂ ಹಾಗೇ ಹೇಳಿದಿರಂತೆ. ಅವನು ನಂಬಲಿಲ್ಲ. ಕಂಪ್ಯೂಟರು ತಾನಾಗಿ ಬೈಯುವುದಿಲ್ಲವೆಂದು ಆ ಕಸುಬಿನವನಿಗೆ ಗೊತ್ತಿರದೆ ಇರುತ್ತದೆಯೇ? ನೀವು ಒಪ್ಪಿಯೇ ಹಾಗೆ ಹೇಳಿಸಿದ್ದೆಂದುಕೊಂಡಿರಬೇಕು. ಸಾಲನ್ನು ಗುಟ್ಟಾಗಿ ತೆಗೆದುಹಾಕಿದೆ, ಬಾಯಿ ಮಾತ್ರ ಬಿಡಲಿಲ್ಲ. ಮೊನ್ನೆ ಅವನ ಮಗಳ ಮದುವೆಯಾಯಿತಂತೆ, ನಿಮ್ಮನ್ನು ಕರೆಯಲಿಲ್ಲವಂತೆ. ನಾಚಿಕೆಯಾಯಿತು, ಟೀಚರ್ — ತಡವಾಗಿ.

ಇದನ್ನು ನಮ್ಮ ಜಾಲತಾಣದಲ್ಲಿ ಹಾಕೋಣವೆಂದೇ ಬರೆಯಲು ಕೂತೆ. ಬರೆಯುತ್ತಿದ್ದಂತೆ ಹೊಳೆಯಿತು: ಕಣ್ಣು ಕಾಣದವರಿಗೆ ಇದನ್ನೂ ನಿಮ್ಮ ದನಿಯೇ ಓದಿ ಹೇಳುತ್ತದೆ. ಮೋಸ ಮಾಡಿದವನು ನಾನು ಎಂಬ ಮಾತನ್ನೂ ನಿಮ್ಮಿಂದಲೇ ಹೇಳಿಸಿದಂತಾಗುತ್ತದೆ.

ಬೇಡ. ನಾಳೆ ಚನ್ನರಾಯಪಟ್ಟಣಕ್ಕೆ ಹೋಗಿ ನಾಗರಾಜನ ಎದುರು ನಿಲ್ಲುತ್ತೇನೆ, ಅಲ್ಲಿಂದ ನಿಮ್ಮಲ್ಲಿಗೆ ಬರುತ್ತೇನೆ. ಜಾಲತಾಣಕ್ಕೆ ಬರಹದ ಬದಲು ಧ್ವನಿಮುದ್ರಣ ಹಾಕಲು ಈಗ ಫ್ಯಾನ್ ಆರಿಸಿ ಕೂತಿದ್ದೇನೆ. ಈ ಸಲ ನನ್ನ ದನಿಯಲ್ಲೇ ಓದುತ್ತೇನೆ.