ಕರಿ ಹುಂಜದ ರೆಕ್ಕೆಯಲ್ಲಿ ಮೂರು ಬಿಳಿ ಗರಿ

ಕೊರೋನಾ ಕಳೆದು ಶಾಲೆಗಳು ಮತ್ತೆ ಪೂರ್ತಿ ತೆರೆದ ವರ್ಷ ನಾನು ಗುಂಡ್ಲುಪೇಟೆ ತಾಲೂಕಿನ ಬೇಗೂರು ಹೋಬಳಿಯಲ್ಲಿ ಪಶುವೈದ್ಯನಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿದ್ದರೂ ಕೈ ನಡುಗದಷ್ಟು ಅನುಭವವಾಗಿತ್ತು. ಆದರೂ ಮೊದಲಿನಿಂದ ನನ್ನದು ಅಳ್ಳೆದೆ. ಆ ವರ್ಷ ಒಂದು ಹುಂಜದ ಮೂರು ಗರಿಗಳು ನನ್ನ ನಿದ್ದೆ ಕೆಡಿಸಿದವು.

ಹೋಬಳಿಯ ಒಂದು ಹಳ್ಳಿಯಲ್ಲಿ ಚಿಕ್ಕತಾಯಮ್ಮ ಎಂಬವರು ನಾಟಿ ಕೋಳಿ ಸಾಕುತ್ತಿದ್ದರು. ಹಗಲು ಅರಿಸಿನದ ಹೊಲಗಳಲ್ಲಿ ಕೂಲಿ, ಉಳಿದ ಹೊತ್ತೆಲ್ಲ ಕೋಳಿ. ಅವರದು ಅಚ್ಚ ಕರಿ ತಳಿ. ಆ ಕಡೆಯ ಕೆಲವು ಊರುಗಳಲ್ಲಿ ಮಾರಮ್ಮನಿಗೆ ಹರಕೆ ಹೊತ್ತವರು ಬೇರೆ ಬಣ್ಣದ ಒಂದು ಗರಿಯೂ ಇಲ್ಲದ ಕರಿ ಹುಂಜವನ್ನು ಹಬ್ಬದ ದಿನ ಗುಡಿಯ ಮುಂದೆ ಬಿಟ್ಟು ಬರುತ್ತಾರೆ. ಕಡಿಯುವುದಿಲ್ಲ, ಬಿಡುತ್ತಾರೆ ಅಷ್ಟೆ. ಅದನ್ನು ಮರಿಯಿದ್ದಾಗಲೇ ತಂದು ಮನೆಯಲ್ಲಿ ಸಾಕುವುದು ವಾಡಿಕೆ. ಅದಕ್ಕೆ ಮೀಸಲು ಹುಂಜ ಎನ್ನುತ್ತಾರೆ. ಅಂಥ ಮರಿ ಬೇಕಾದವರು ಚಿಕ್ಕತಾಯಮ್ಮನ ಅಂಗಳಕ್ಕೇ ಬರುತ್ತಿದ್ದರು.

ಬಣ್ಣ ಕಾಪಾಡುವುದು ಹುಡುಗಾಟವಲ್ಲ. ಕರಿ ತಳಿಯ ಮರಿಗೂ ಹುಟ್ಟುವಾಗ ಹೊಟ್ಟೆಯಡಿ ಬೆಳ್ಳಗಿರುತ್ತದೆ, ಅದು ಆಮೇಲೆ ಹೋಗುತ್ತದೆ. ಗರಿ ಬಲಿತ ಮೇಲೂ ಕತ್ತಿನಲ್ಲಿ ಕೆಂಪು ಕಂಡರೆ ಅದನ್ನು ತಳಿಗೆ ಇಟ್ಟುಕೊಳ್ಳುವ ಹಾಗಿಲ್ಲ. ಒಂದೇ ರಕ್ತದಲ್ಲಿ ಕೂಡಿಸುತ್ತ ಹೋದರೆ ಕಾವಿಗಿಟ್ಟ ಮೊಟ್ಟೆಗಳು ಮರಿಯಾಗದೆ ಕೆಡುತ್ತವೆ. ಹೊರಗಿನ ಹುಂಜ ತಂದರೆ ಬಣ್ಣ ಕೆಡುವ ಭಯ. ಅದಕ್ಕೇ ಚಿಕ್ಕತಾಯಮ್ಮ ಚಂದಕವಾಡಿಯಲ್ಲಿದ್ದ ತಮ್ಮ ಅಕ್ಕನ ಮನೆಯ ಕರಿ ಹುಂಜಗಳ ಜೊತೆ ಆಗಾಗ ಅದಲುಬದಲು ಮಾಡಿಕೊಳ್ಳುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಫೋನು ಬಂತು. “ಸಾ, ಬಿರ್ರನೆ ಬನ್ನಿ. ನನ್ ಮಾನ ಓಯ್ತಾ ಅದೆ.”

ಹೋಗಿ ನೋಡಿದರೆ ಅಂಗಳದ ತುಂಬ ಜನ. ನಡುವೆ ಸಿದ್ದರಾಜು ಎಂಬ ಬಸ್ ಕಂಡಕ್ಟರ್ ಕಂಕುಳಲ್ಲಿ ಹುಂಜ ಹಿಡಿದು ನಿಂತಿದ್ದ. ಹಿಂದಿನ ವರ್ಷ ಅವನ ಮಗಳು ಕಾವ್ಯಾಗೆ ಡೆಂಗಿ ಜ್ವರ ಬಂದು ಮೈಸೂರಿನ ಆಸ್ಪತ್ರೆಯಲ್ಲಿ ಮಗು ಕೈಬಿಟ್ಟೇ ಹೋಯಿತು ಅನ್ನುವಂತಾಗಿತ್ತು. ಆಗ ಅವನ ತಾಯಿ ಪುಟ್ಟಮ್ಮ ಹೊತ್ತ ಹರಕೆಯ ಹುಂಜ ಇದು. ಅವನು ರೆಕ್ಕೆ ಬಿಡಿಸಿ ತೋರಿಸಿದ. ಇದ್ದಿಲಿನಂಥ ಗರಿಗಳ ನಡುವೆ ಮೂರು ಗರಿ ಬೆಳ್ಳಗಿದ್ದವು.

“ಮರಿಗೆ ಬಣ್ಣ ಬಳ್ದು ಕೊಟ್ಬುಟ್ಟವ್ರೆ ಡಾಕ್ಟ್ರೇ. ಈಗ ಬಣ್ಣ ಬುಟ್ಕತಾ ಅದೆ. ನನ್ ಮಗೀಗೆ ಏನಾರಾ ಆದ್ರೆ?”

ಮರಿಗೆ ಬಳಿದ ಬಣ್ಣ ಹೊಸ ಗರಿಗೆ ಬರುವುದಿಲ್ಲ ಎಂದರೆ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಎಲ್ಲರೆದುರಿಗೆ ಕರಿ ಗರಿಗಳನ್ನು ತಿಕ್ಕಿದೆ. ಹತ್ತಿಗೆ ಒಂದಿಷ್ಟು ಧೂಳು ಬಿಟ್ಟರೆ ಏನೂ ಅಂಟಲಿಲ್ಲ. ಅಷ್ಟರಲ್ಲೇ ಹಿರಿಯರೊಬ್ಬರು, “ಅಂಗಾರೆ ತಳೀನೇ ಕೆಟ್ಟೋಗದೆ ಬುಡಿ. ಇನ್ಮ್ಯಾಕೆ ಇಲ್ಲಿ ಮರಿ ತಕಬ್ಯಾಡಿ” ಎಂದುಬಿಟ್ಟರು. ಮೋಸಗಾತಿ ಎಂಬ ಮಾತು ಹೋಯಿತು, ಅದಕ್ಕಿಂತ ಕೆಟ್ಟದ್ದು ಬಂತು.

ಚಿಕ್ಕತಾಯಮ್ಮನ ಮುಖ ಬಿಳಿಚಿಕೊಂಡಿತು. “ದ್ಯಾವ್ರಿಗೆ ಆಗ್ದಿದ್ ಕೋಳಿ ನಂಗ್ಯಾಕೆ ಸಾ? ನಾಳಿಕೇ ಅಷ್ಟ್ನೂ ಕೇರಳದ ವ್ಯಾನ್‌ಗೆ ತುಂಬ್ಬುಡ್ತೀನಿ” ಎಂದರು. ಆಡಿದಂತೆ ಮಾಡುವ ಹೆಂಗಸು. ವ್ಯಾನು ಬಂದರೆ ತಾಯಿಯ ಕಾಲದಿಂದ ಉಳಿಸಿಕೊಂಡು ಬಂದ ತಳಿ ಒಂದೇ ದಿನಕ್ಕೆ ಹೋಟೆಲುಗಳ ಸಾರಾಗುತ್ತಿತ್ತು.

ನನಗೂ ಒಳಗೆ ಅನುಮಾನವಿತ್ತು. ಗರಿಯಲ್ಲಿ ಬಿಳಿ ಚುಕ್ಕೆ ತರುವ ಜೀನ್ ಒಂದೆರಡು ತಲೆಮಾರು ಅಡಗಿ ಕೂತು, ತಂದೆ ತಾಯಿ ಎರಡೂ ಕಡೆಯಿಂದ ಬಂದಾಗ ಮಾತ್ರ ಹೊರಬೀಳುತ್ತದೆ. ಚಂದಕವಾಡಿಯ ಹುಂಜ ಅದನ್ನು ಹೊತ್ತು ತಂದಿದ್ದರೆ? ಅದೇ ಕಾವಿನಲ್ಲಿ ಹುಟ್ಟಿ ಅಂಗಳದಲ್ಲೇ ಉಳಿದಿದ್ದ ಕೋಳಿಗಳನ್ನೆಲ್ಲ ಹಿಡಿಸಿ ರೆಕ್ಕೆ ಬಿಡಿಸಿ ನೋಡಿದೆ. ಒಂದರಲ್ಲೂ ಬಿಳಿ ಇರಲಿಲ್ಲ. ಆಗ ಹುಂಜಕ್ಕೆ ಏನು ತಿನ್ನಿಸುತ್ತೀರಿ ಎಂದು ಮಗನ ಹಿಂದೆ ನಿಂತಿದ್ದ ಪುಟ್ಟಮ್ಮನನ್ನು ಕೇಳಿದೆ.

“ಮೀಸ್ಲು ಉಂಜ ಅಲ್ವಾ ಸಾ. ತಿಪ್ಪೆ ಕೆದಕಕ್ಕೆ ಬುಟ್ಟಿಲ್ಲ, ಉಳ ಗಿಳ ಮುಟ್ಟಕ್ಕೆ ಬುಟ್ಟಿಲ್ಲ. ಕುಕ್ಕೆ ಒಳಗೇ ಮಡಗಿ ತೊಳ್ದ ಅಕ್ಕಿನುಚ್ಚು ಆಕಿದೀನಿ. ಮಡೀಲಿ ಸಾಕಿದೀನಿ.”

ಕಾರಣ ಸಿಕ್ಕಿತೆನಿಸಿತು. ಗರಿಗೆ ಕಪ್ಪು ಕೂರಲು ಲೈಸಿನ್ ಎಂಬ ಪ್ರೋಟೀನ್ ಅಂಶ ಬೇಕು. ಅಕ್ಕಿಯಲ್ಲಿ ಅದು ಬಹಳ ಕಡಿಮೆ. ಕೋಳಿಗೆ ಅದು ಸಿಗುವುದು ಹುಳುಹುಪ್ಪಟೆಯಿಂದ, ಕಾಳಿನಿಂದ. ಆದರೆ ಅನಿಸುವುದೇ ಬೇರೆ, ಊರ ಮುಂದೆ ಹೇಳುವುದೇ ಬೇರೆ. ಆ ಮೂರು ಗರಿ ಕೀಳುತ್ತೇನೆ, ಬೇಯಿಸಿದ ಹುರುಳಿ, ನುಗ್ಗೆಸೊಪ್ಪು ಕೊಡಿ, ಹುರುಳಿ ಮಡಿಗೆ ವಿರುದ್ಧವಲ್ಲ, ಮಾರಿಹಬ್ಬದೊಳಗೆ ಹೊಸ ಗರಿ ಕಪ್ಪಗೆ ಬರುತ್ತದೆ ಎಂದೆ. ಅಲ್ಲಿಯವರೆಗೆ ವ್ಯಾನಿನವರನ್ನು ಕರೆಯುವುದಿಲ್ಲವೆಂದು ಚಿಕ್ಕತಾಯಮ್ಮನಿಂದ ಮಾತು ತೆಗೆದುಕೊಂಡೆ.

“ಮತ್ತೂ ಬೆಳ್ಳಗೇ ಬಂದ್ರೆ?” ಎಂದ ಸಿದ್ದರಾಜು. ನಾನು ಮೂರೂ ಗರಿಗಳನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಕಿತ್ತೆ. ಕಿತ್ತ ಜಾಗದಲ್ಲಿ ಪೆಟ್ಟಾದರೂ ಗರಿ ಬೆಳ್ಳಗೆ ಬರಬಹುದೆಂಬುದು ನನಗೊಬ್ಬನಿಗೇ ಗೊತ್ತಿತ್ತು.

ಆಮೇಲೆ ಆ ದಾರಿಯಲ್ಲಿ ಕೆಲಸವಿರಲಿ ಬಿಡಲಿ ಸಿದ್ದರಾಜುವಿನ ಮನೆಗೆ ಹೋಗತೊಡಗಿದೆ. ಮೊಳಕೆಯ ಗರಿ ಒಂದು ಪೊರೆಯೊಳಗಿರುತ್ತದೆ; ಕರಿ ಗರಿಯಾದರೆ ಪೊರೆ ನೀಲಿಯಾಗಿ ಕಾಣಬೇಕು. ಬಂದದ್ದು ಮಾಸಲು ಬಿಳಿ. ಅದೇ ವಾರ ಕಾವ್ಯಾಗೆ ಜ್ವರ ಬೇರೆ ಬಂತು. ಬರಿ ನೆಗಡಿ ಜ್ವರವೇ, ಆದರೆ ಪುಟ್ಟಮ್ಮ ನನ್ನ ಮುಖ ನೋಡಲಿಲ್ಲ. ಚಿಕ್ಕತಾಯಮ್ಮ ಫೋನು ಮಾಡಿ ಗರಿ ಬಂತಾ ಎಂದು ಕೇಳುತ್ತಿದ್ದರು. ಇನ್ನೂ ಮೊಳಕೆ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ.

ಹಬ್ಬ ಹತ್ತಿರವಾದಾಗ ಸಿದ್ದರಾಜು ನಮ್ಮಿಬ್ಬರನ್ನೂ ಮನೆಗೆ ಕರೆಸಿದ. ಹುಂಜವನ್ನು ತಂದು ರೆಕ್ಕೆ ಬಿಡಿಸಿದ. ಮೂರೂ ಗರಿ ಬಲಿತಿದ್ದವು. ತುದಿ ಬೆಳ್ಳಗೆ, ಅಲ್ಲಿಂದ ಬುಡದವರೆಗೆ ಕಡು ಕಪ್ಪು. ಗರಿ ತುದಿಯಿಂದ ಮೊದಲಾಗಿ ಬೆಳೆದು ಹೊರಬರುತ್ತದೆ, ಬುಡ ಕೊನೆಯದು. ಆಹಾರ ಬದಲಾದ ಮೇಲೆ ಬೆಳೆದದ್ದೆಲ್ಲ ಕಪ್ಪು ಎಂದು ವಿವರಿಸುತ್ತ ಖುಷಿಯಲ್ಲಿ ನನ್ನ ದನಿ ಏರಿತ್ತು. ತಳಿಯಲ್ಲಿ ದೋಷವಿಲ್ಲ ಎಂದು ಎರಡೆರಡು ಸಲ ಹೇಳಿದೆ. ಚಿಕ್ಕತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗ ಪುಟ್ಟಮ್ಮ ಜಗಲಿಯ ಮೇಲೆ ಕುಸಿದು ಕುಳಿತರು.

“ಮದ್ಲು ನಾನು ನೀವ್ ಯೋಳಿದ್ ಉಳ್ಳಿಕಾಳು ಆಕ್ನಿಲ್ಲ ಸಾ. ನಿಮ್ ಮಾತು ನಂಬ್ನಿಲ್ಲ. ಮಗೀಗೆ ಜರ ಬಂದ್ಮ್ಯಾಕೆ ಎದ್ರುಕೊಂಡು ಆಕ್ದೆ. ಅಂಗಾರೆ ಈ ಬಿಳೀದೆಲ್ಲಾ ನನ್ ಕೈಯಿಂದ್ಲೇಯಾ? ಮಾರಮ್ಮನ ಉಂಜನ ನಾನೇ ಕೆಡಿಸ್ಬುಟ್ನಾ?”

ಇಷ್ಟು ದಿನ ನಾನು ಒಬ್ಬರನ್ನು ತಪ್ಪಿನಿಂದ ಬಿಡಿಸುವ ಆತಂಕದಲ್ಲೇ ಇದ್ದೆ. ಬಿಡಿಸಿದ ತಪ್ಪು ಎಲ್ಲಿಗೆ ಹೋಗಿ ಬೀಳುತ್ತದೆ ಎಂದು ಯೋಚಿಸಿರಲಿಲ್ಲ. ಮಗನೂ ತಲೆ ತಗ್ಗಿಸಿ ನಿಂತಿದ್ದ.

ಚಿಕ್ಕತಾಯಮ್ಮ ಹೋಗಿ ಪುಟ್ಟಮ್ಮನ ಪಕ್ಕ ಕುಳಿತರು. ಇಡೀ ಊರಿನ ಮುಂದೆ ತಮ್ಮನ್ನು ತಲೆತಗ್ಗಿಸುವಂತೆ ಮಾಡಿದ್ದ ಮನೆಯ ಯಜಮಾನಿಯ ಕೈ ಹಿಡಿದುಕೊಂಡು, “ಭಕ್ತಿ ಎಚ್ಚಾಯ್ತು ಕಣಕ್ಕಾ, ಉಂಜುಕ್ಕೆ ಉಳ ಕಮ್ಮಿ ಆಯ್ತು. ಅಷ್ಟೇಯ. ಕೂಸು ಉಸಾರಾಗವ್ಳಲ್ವಾ? ಅಮ್ಮ ನಿನ್ ಕೈಯ ನೋಡವ್ಳೆ, ಗರಿಯ ನೋಡ್ನಿಲ್ಲ. ನಾಳಿಕೆ ಬಾ, ಇದ್ರ ಒಡುಟ್ಟಿದ್ ಉಂಜ ಅದೆ, ತಕಂಡೋಗು. ಇದ್ನ ನಂಗೆ ಕೊಡು, ತಳಿಗೆ ಮಡಿಕತೀನಿ” ಎಂದರು.

ರೋಗಕ್ಕೆ ಕಾರಣ ಕಂಡುಹಿಡಿಯುವುದೇ ವೃತ್ತಿ ಎಂದುಕೊಂಡು ಬಂದವನು ನಾನು. ಆದರೆ ಎಷ್ಟೋ ಸಲ ಆ ಕಾರಣ ಪ್ರೀತಿಯಿಂದ ಉಣಿಸಿದ ಕೈಯೇ ಆಗಿರುತ್ತದೆ, ಆ ಕೈಯವರು ನಮ್ಮೆದುರಿಗೇ ನಿಂತಿರುತ್ತಾರೆ. ಅಂದಿನಿಂದ ಕಾರಣ ಹೇಳಲು ಬಾಯಿ ತೆರೆಯುವ ಮೊದಲು, ಅದನ್ನು ಕೇಳಿ ಯಾರು ಕುಸಿಯಬಹುದು ಎಂದು ಸುತ್ತ ಒಮ್ಮೆ ನೋಡಿಕೊಳ್ಳುತ್ತೇನೆ.