ಗುಂಡಿಯ ಕೆಳಗೊಂದು ಟಿಚ್ ಬಟನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಿಕ್ಕೋಡಿನಾಚೆ ಕಾಫಿ ತೋಟದ ಕೂಲಿ ಲೈನಿನ ಕೊನೆಯ ಮನೆ. ಜಗಲಿಯ ಮೇಲೆ ರುದ್ರಮ್ಮ ಕಾಲು ಚಾಚಿ ಕೂತಿದ್ದಾರೆ. ಹಿಂದಿನ ಸಂಜೆಯೇ ಹಳೇಬೀಡಿನಿಂದ ಬಂದು ಇಲ್ಲೇ ಮಲಗಿದ್ದರು. ವೃತ್ತಿಯಲ್ಲಿ ದರ್ಜಿ. ಆದರೆ ಈಗ ಕೊರಳಲ್ಲಿ ಅಳತೆ ಟೇಪಿಲ್ಲ, ಕೈಯಲ್ಲಿ ಕತ್ತರಿಯಿಲ್ಲ. ಅವರು ಈ ಮನೆಯ ಯಜಮಾನ ಚನ್ನಪ್ಪ ಹಲ್ಲುಜ್ಜುವುದನ್ನು ನೋಡುತ್ತಿದ್ದಾರೆ.

ಚನ್ನಪ್ಪನವರ ಬಲಗೈ ಭುಜದಿಂದ ಕೆಳಗೆ ನೇತಾಡುತ್ತದೆ, ಬೆರಳು ಮಡಚುವುದಿಲ್ಲ. ಹೆಂಡತಿ ಕೆಂಪಲಕ್ಷ್ಮಮ್ಮ ಅವರ ಎಡಗೈ ಬೆರಳಿಗೆ ಹಲ್ಲುಪುಡಿ ಹಚ್ಚುತ್ತಾರೆ. ಬೊಗಸೆಗೆ ನೀರು ಹುಯ್ಯುತ್ತಾರೆ. ಟವಲ್ ಹಿಂಡಿ ಹೆಗಲಿಗೆ ಹಾಕುತ್ತಾರೆ.

"ಏನಮ್ಮಾ ಇದು, ಮದ್ವೆ ಗಂಡು ನೋಡ್ದಂಗೆ ನೋಡ್ತಾ ಕುಂತಿದ್ದೀರಲ್ಲ" ಎನ್ನುತ್ತಾರೆ ಚನ್ನಪ್ಪ.

"ಮದ್ವೆ ಗಂಡಾಗಿದ್ರೆ ಇಷ್ಟೊತ್ತಿಗೆ ಎದ್ದು ಹೋಗಿರ್ತಿದ್ದೆ. ನೀವು ಮುಖ ತೊಳ್ಕಳಿ."

ರೊಟ್ಟಿ ಬರುತ್ತದೆ, ಒಳಗೇ ಮುರಿದು ತುಂಡು ಮಾಡಿಟ್ಟ ರೊಟ್ಟಿ. ಚನ್ನಪ್ಪ ತಿಂದು ಮುಗಿಸುವವರೆಗೂ ಕಾದು ರುದ್ರಮ್ಮ ಕೇಳುತ್ತಾರೆ. "ಕೈಯಿಂದ ಏನೇನು ಆಗಲ್ಲ, ಹೇಳಿ ನೋಡಾಣ."

"ಎಲ್ಲಾ ಆಯ್ತದೆ. ವಸಿ ನಿಧಾನ, ಅಷ್ಟೇಯ."

"ಹಲ್ಲುಪುಡಿ ಹಚ್ಚಿದ್ಯಾರು? ಟವಲ್ ಹಿಂಡಿದ್ಯಾರು? ರೊಟ್ಟಿ ಮುರಿದಿದ್ಯಾರು?"

ಚನ್ನಪ್ಪ ಅಂಗಳ ನೋಡುತ್ತಾರೆ. ಒಳಗಿನಿಂದ ಕೆಂಪಲಕ್ಷ್ಮಮ್ಮ ನಗುತ್ತಾರೆ. "ಅಯ್ಯೋ, ಅದೂ ಒಂದು ಕೆಲ್ಸವಾ? ಮಾಡ್ತಾ ಇವ್ನಿ ಅಂತ ನಂಗೇ ಗೊತ್ತಿಲ್ಲ."

"ನಿಂಗೇ ಗೊತ್ತಿಲ್ಲ ಅಂದ್ಮೇಲೆ ಡಾಕ್ಟರಿಗೆ ಹೆಂಗಮ್ಮ ಗೊತ್ತಾಗ್ತದೆ?"

ಹೀಗೆ ನೋಡುವುದೇ ರುದ್ರಮ್ಮನವರ ಇನ್ನೊಂದು ಕೆಲಸ. ಇದಕ್ಕೆ ಬೋರ್ಡಿಲ್ಲ, ಸಂಬಳವಿಲ್ಲ. ಅಂಗವಿಕಲ ಮಾಸಾಶನಕ್ಕೆ ಅರ್ಜಿ ಹಾಕಿ ವಾಪಸ್ ಬಂದವರು, ಮೇಲ್ಮನವಿಗೆ ಹೋಗುವವರು ಅವರನ್ನು ಹುಡುಕಿಕೊಂಡು ಬರುತ್ತಾರೆ. ರುದ್ರಮ್ಮ ಅರ್ಜಿ ಬರೆದುಕೊಡುವುದಿಲ್ಲ, ಅದಕ್ಕೆ ತಾಲ್ಲೂಕು ಕಚೇರಿಗಳ ಮುಂದೆ ಬೇಕಾದಷ್ಟು ಜನರಿದ್ದಾರೆ. ಇವರು ವೈದ್ಯರ ಮುಂದೆ ನಿಲ್ಲುವ ದಿನಕ್ಕೆ ಜನರನ್ನು ಸಿದ್ಧ ಮಾಡುತ್ತಾರೆ. ಸಿದ್ಧ ಮಾಡುವುದೆಂದರೆ, ಸಿಂಗರಿಸಿಕೊಂಡು ಹೋಗದಂತೆ ತಡೆಯುವುದು.

ಬಸ್ತಿಹಳ್ಳಿಯಲ್ಲಿ ಹುಟ್ಟಿದ ರುದ್ರಮ್ಮನವರಿಗೆ ಈಗ ಐವತ್ತು ದಾಟಿದೆ. ಹಳೇಬೀಡಿನ ಬಸ್ ನಿಲ್ದಾಣದ ಹಿಂದೆ ಒಂದು ಬಾಗಿಲಿನ ಅಂಗಡಿ, ಒಂದು ಕಾಲುಮಿಷನ್ನು. ಗಂಡ ಹನುಮಯ್ಯ ದೇವಸ್ಥಾನದ ಹುಲ್ಲುಹಾಸಿಗೆ ನೀರು ಹಾಯಿಸುವ ನೌಕರ. "ಕಲ್ಲಿನ ಗೊಂಬೆಗಳನ್ನ ನೋಡಾಕೆ ಎಲ್ಲೆಲ್ಲಿಂದಲೋ ಬತ್ತಾರೆ. ಇವಳು ಜೀವ ಇರೋರ್ನ ನೋಡಾಕೆ ಊರೂರು ತಿರುಗ್ತಾಳೆ" ಎಂದು ಅವರು ತಮಾಷೆ ಮಾಡುತ್ತಾರೆ. ಆದರೆ ಹೆಂಡತಿ ಊರಲ್ಲಿಲ್ಲದ ದಿನ ಅನ್ನಕ್ಕೆ ಇಡುವುದೂ ಅಂಗಡಿಯ ಬಾಗಿಲು ತೆಗೆದು ಗಿರಾಕಿಗಳ ಬೈಗುಳ ಕೇಳುವುದೂ ಅವರೇ.

ನೇರವಾಗಿಲ್ಲದ ಮೈಗೆ ನೇರವಾಗಿ ಕಾಣುವ ಬಟ್ಟೆ ಹೊಲಿಯುವುದರಲ್ಲಿ ರುದ್ರಮ್ಮನವರದು ಪಳಗಿದ ಕೈ. ಒಂದು ಭುಜ ಇಳಿದಿದ್ದರೆ ಒಳಗೆ ಹತ್ತಿ ಕೂರಿಸುತ್ತಾರೆ. ಬೆನ್ನು ಗೂನಾಗಿದ್ದರೆ ನೆರಿಗೆಯಲ್ಲಿ ಮರೆಸುತ್ತಾರೆ. ಒಂದೇ ಕೈಯಲ್ಲಿ ಬದುಕುವವರಿಗೆ ಅವರದೇ ಒಂದು ಉಪಾಯವಿದೆ. ಶರ್ಟಿನ ಮೇಲೆ ಕಾಣಲಿಕ್ಕೆ ಮಾಮೂಲಿ ಗುಂಡಿ, ಅದರ ಕೆಳಗೆ ಒತ್ತಿದರೆ ಕೂರುವ ಟಿಚ್ ಬಟನ್. ಒಂದು ಹೆಬ್ಬೆರಳು ಸಾಕು. ನೋಡಿದವರಿಗೆ ಎಲ್ಲರಂತೆ ಗುಂಡಿ ಹಾಕಿಕೊಂಡ ಶರ್ಟು.

ಈ ಜಾಣ ಹೊಲಿಗೆಯೇ ತೊಂದರೆ ಮಾಡೀತು ಎಂದು ಅವರಿಗೆ ಮೊದಲು ಗೊತ್ತಾದದ್ದು ತೊಂಬತ್ತಾರರಲ್ಲಿ. ಹಾರನಹಳ್ಳಿಯ ಅನುಸೂಯಮ್ಮ ಎಂಬವರ ಮಗಳು ಮಂಜುಳಾಗೆ ಪೋಲಿಯೋದಿಂದ ಒಂದು ಕಾಲು ಗಿಡ್ಡ. ತಾಯಿ ಹೊಸ ಲಂಗ ಹೊಲಿಸಿದರು. ರುದ್ರಮ್ಮ ಒಂದು ಬದಿ ಉದ್ದ ಬಿಟ್ಟು, ನಿಂತಾಗ ಅಂಚು ಸುತ್ತಲೂ ಸಮನಾಗಿ ನೆಲ ಮುಟ್ಟುವಂತೆ ಮಾಡಿದರು. ಲಂಗ ಯಾತಕ್ಕೆಂದು ಅವರು ಕೇಳಲಿಲ್ಲ, ಅನುಸೂಯಮ್ಮ ಹೇಳಲಿಲ್ಲ. ಅರಸೀಕೆರೆಯಲ್ಲಿ ನಡೆದ ಅಂಗವಿಕಲರ ತಪಾಸಣಾ ಶಿಬಿರಕ್ಕೆ ಹುಡುಗಿ ಅದನ್ನೇ ಉಟ್ಟು, ತಲೆತುಂಬ ಕನಕಾಂಬರ ಮುಡಿದು, ಕುಂಟು ಕಾಣದಂತೆ ಉಸಿರು ಬಿಗಿಹಿಡಿದು ವೈದ್ಯರ ಮುಂದೆ ನಡೆದಳು. ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯದ ಶೇಕಡಾ ಪ್ರಮಾಣ ಕಡಿಮೆ ಬಂತು, ಅರ್ಜಿ ಬಿದ್ದುಹೋಯಿತು.

"ಆಯಮ್ಮ ಅಂಗಡಿಗೆ ಬಂದು ಬೈತಾರೇನೋ ಅಂದ್ಕೊಂಡೆ. ಬೈಲಿಲ್ಲ. ನಿಮ್ಮ ಹೊಲಿಗೆ ಬಾಳ ಚೆನ್ನಾಗಿತ್ತು ಕಣಮ್ಮಾ, ಅದಕ್ಕೇ ಹೋಯ್ತು ಅಂದ್ರು. ಬೈದಿದ್ರೇ ವಾಸಿಯಾಗಿತ್ತು" ಎಂದು ರುದ್ರಮ್ಮ ನೆನೆಯುತ್ತಾರೆ. ಆಮೇಲೆ ಹಾಕಿದ ಮೇಲ್ಮನವಿಗೆ ತಾಯಿ ಮಗಳ ಜೊತೆ ಅವರೂ ಹೋದರು. ಗೆದ್ದುಬಂದರು. ಮಂಜುಳಾ ಈಗ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾರೆ. ಸೀರೆಗೆ ಫಾಲ್ ಹಾಕಿಸಲು ಇಂದಿಗೂ ಹಳೇಬೀಡಿಗೇ ಬರುತ್ತಾರೆ.

ಇದು ನಮ್ಮ ಕಡೆಯವರು ಮತ್ತೆ ಮತ್ತೆ ಮಾಡುವ ತಪ್ಪು. ಸರ್ಕಾರಿ ಕೆಲಸವೆಂದರೆ ತಲೆಗೆ ಎಣ್ಣೆ, ಮೈಗೆ ಇಸ್ತ್ರಿ ಬಟ್ಟೆ. ದೊಡ್ಡವರು "ಹೇಗಿದ್ದೀರಿ" ಎಂದು ಕೇಳಿದರೆ "ಚೆನ್ನಾಗಿದ್ದೀನಿ ಸ್ವಾಮಿ, ನಿಮ್ಮ ದಯ" ಎನ್ನುವುದು ಮರ್ಯಾದೆ. ಎದುರಿಗೆ ಕೂತ ವೈದ್ಯರು ಕಂಡದ್ದನ್ನು, ಕೇಳಿದ್ದನ್ನು ಬರೆಯುತ್ತಾರೆ. ಪ್ರಮಾಣ ಶೇಕಡಾ ನಲವತ್ತು ಮುಟ್ಟದಿದ್ದರೆ ಮಾಸಾಶನವಿಲ್ಲ, ಬಸ್ ಪಾಸೂ ಇಲ್ಲ.

ಚನ್ನಪ್ಪನವರದೂ ಇದೇ ಕಥೆ. ತೋಟದ ಸಿಲ್ವರ್ ಮರ ಹತ್ತಿ, ಕಾಫಿ ಗಿಡಕ್ಕೆ ನೆರಳು ಹೆಚ್ಚಾಗದಂತೆ ಕೊಂಬೆ ಸವರುವುದರಲ್ಲಿ ಅವರದು ಎತ್ತಿದ ಕೈ. ಎರಡು ಮಳೆಗಾಲದ ಹಿಂದೆ ಕೊಂಬೆ ಮುರಿದು ಬಿದ್ದರು. ಭುಜದ ನರ ಹೋಯಿತು. ಅಂದಿನಿಂದ ಮನೆ ನಡೆಯುತ್ತಿರುವುದು ಕೆಂಪಲಕ್ಷ್ಮಮ್ಮನ ಒಂದೇ ಕೂಲಿಯಲ್ಲಿ. ಹೆಂಡತಿ ಕೆಲಸಕ್ಕೆ ಹೋದ ಮೇಲೆ ಗುಂಡಿ ಬಿಚ್ಚಿದ ಶರ್ಟಲ್ಲೇ ಇರಬೇಕಾಗುತ್ತದೆಂದು ಚನ್ನಪ್ಪ ಬೇಲೂರಿಗೆ, ಅಲ್ಲಿಂದ ಹಳೇಬೀಡಿಗೆ ಬಸ್ಸು ಹಿಡಿದು ಹೋಗಿ ಟಿಚ್ ಬಟನ್ನಿನ ಶರ್ಟು ಹೊಲಿಸಿಕೊಂಡು ಬಂದರು. ವೈದ್ಯಕೀಯ ತಪಾಸಣೆಯ ದಿನ ಅದನ್ನೇ ತೊಟ್ಟು ಹೋದರು. ಶರ್ಟು ತೆಗೆಯಲು ಹೇಳಿದಾಗ ಪಟಪಟನೆ ತೆಗೆದರು, ಹಾಕಲು ಹೇಳಿದಾಗ ಪಟಪಟನೆ ಹಾಕಿಕೊಂಡರು. "ಈಗ ಎಷ್ಟೋ ವಾಸಿ ಸ್ವಾಮಿ" ಎಂದೂ ಸೇರಿಸಿದರು. ಪ್ರಮಾಣ ನಲವತ್ತರ ಕೆಳಗೇ ನಿಂತಿತು.

ತಿರಸ್ಕಾರದ ಹಿಂಬರಹ ಬಂದ ಮೇಲೆ ಕೆಂಪಲಕ್ಷ್ಮಮ್ಮ ಅಂಗಡಿಗೆ ಬಂದು ಹೇಳಿಕೊಂಡಾಗಲೇ ರುದ್ರಮ್ಮನವರಿಗೆ ವಿಷಯ ತಿಳಿದದ್ದು. ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಹೋಯಿತು. ಅವರು ಇನ್ನೊಮ್ಮೆ ತಪಾಸಣೆಗೆ ಬರೆದರು. ಆ ತಪಾಸಣೆ ಇವತ್ತು, ಹಾಸನದಲ್ಲಿ. ಇದರಲ್ಲೂ ಪ್ರಮಾಣ ಕಡಿಮೆಯಾದರೆ ಕಡತ ಮುಚ್ಚಿದಂತೆಯೇ.

ಹೊರಡುವ ಹೊತ್ತಿಗೆ ಚನ್ನಪ್ಪ ಒಳಗಿನಿಂದ ಬರುತ್ತಾರೆ. ಗಡ್ಡ ನುಣ್ಣಗೆ, ಕ್ರಾಪು ಒಪ್ಪ. ಮೈಮೇಲೆ ನೀಲಿ ಗೆರೆಯ ಶರ್ಟು.

ರುದ್ರಮ್ಮ ಹತ್ತಿರ ಹೋಗಿ ಎದೆಯ ಮೇಲಿನ ಗುಂಡಿಯನ್ನು ಬೆರಳಿನಿಂದ ಎತ್ತುತ್ತಾರೆ. ಟಕ್ ಎಂದು ಬಿಚ್ಚಿಕೊಳ್ಳುತ್ತದೆ.

"ಇದು ನನ್ನ ಹೊಲಿಗೆ ಅಲ್ವಾ? ತೆಗೀರಿ."

"ಜನ ಇರ್ತಾರೆ ಕಣಮ್ಮಾ ಅಲ್ಲಿ. ಮನೆ ಶರ್ಟ್ ಹಾಕ್ಕಂಡು ಹೆಂಗೆ ಹೋಗಾದು? ಈ ಸೀಮೇಲಿ ನನ್ನಂಗೆ ಮರ ಹತ್ತೋನು ಇರ್ನಿಲ್ಲ, ಗೊತ್ತಾ?"

"ಗೊತ್ತು. ಮರ ಹತ್ತೋನಿಗೆ ಮಾಸಾಶನ ಕೊಡಲ್ಲ."

ಚನ್ನಪ್ಪನವರಿಗೆ ಕೋಪ ಬರುತ್ತದೆ. "ಅಂದ್ರೆ ನಾಟಕ ಆಡಬೇಕಾ ನಾನು? ನೀವೇ ಹೊಲಿದಿದ್ದು ಬಚ್ಚಿಟ್ಕಂಡು ಹೋದ್ರೆ ಅದು ಮೋಸ ಅಲ್ವಾ?"

ಈ ಪ್ರಶ್ನೆ ಕೇಳಿದವರಲ್ಲಿ ಅವರೇ ಮೊದಲಿಗರಲ್ಲವಂತೆ. ಚನ್ನಪ್ಪ ಕೊನೆಗೂ ಬಿಚ್ಚಿಕೊಟ್ಟ ಶರ್ಟನ್ನು ರುದ್ರಮ್ಮ ಮಡಚಿ ಚೀಲಕ್ಕೆ ಹಾಕುತ್ತಾರೆ. "ಬಚ್ಚಿಡಬೇಡಿ. ತಗೊಂಡೋಗಿ ಡಾಕ್ಟರ ಮೇಜಿನ ಮೇಲಿಡಿ. ಇದೊಂದು ಹಾಕ್ಕೋತೀನಿ, ಮಿಕ್ಕಿದ್ದು ಆಗಲ್ಲ ಅಂತ ಹೇಳಿ. ಅವರು ಬರ್ಕೊಬೇಕಾಗಿರೋದು ನಿಮ್ಮ ಕೈನ, ನನ್ನ ಹೊಲಿಗೇನಲ್ಲ."

ಹಾಸನದ ಆಸ್ಪತ್ರೆಯ ಪಡಸಾಲೆಯಲ್ಲಿ ನಿಲ್ಲಲೂ ಜಾಗವಿಲ್ಲ. ಹೆಸರು ಕೂಗಿದಾಗ ಕೆಂಪಲಕ್ಷ್ಮಮ್ಮ ಗಂಡನ ಜೊತೆಗೇ ಏಳುತ್ತಾರೆ. ರುದ್ರಮ್ಮ ಸೆರಗು ಹಿಡಿದು ಕೂರಿಸುತ್ತಾರೆ. "ನೀನು ಹೋದ್ರೆ ನಿನ್ನ ಕೈ ಸುಮ್ಕಿರಲ್ಲ. ಅಲ್ಲೂ ಗುಂಡಿ ಹಾಕಿಬಿಡ್ತೀಯ."

ಪರದೆಯ ಆಚೆ ಏನು ನಡೆಯುತ್ತಿದೆಯೋ ಕಾಣುವುದಿಲ್ಲ. ಕೆಂಪಲಕ್ಷ್ಮಮ್ಮ ಎರಡೂ ಅಂಗೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಾರೆ. ಬಹಳ ಹೊತ್ತಾಗುತ್ತದೆ.

ಚನ್ನಪ್ಪ ಹೊರಗೆ ಬಂದಾಗ ಮೈಮೇಲಿನ ಮನೆ ಶರ್ಟಿನ ಒಂದೇ ಗುಂಡಿ ಹಾಕಿದೆ, ಅದೂ ಪಕ್ಕದ ಕಾಜಕ್ಕೆ. ಹಣೆ ಬೆವರಿದೆ. ಅಷ್ಟು ಜನರ ನಡುವೆ ಹಾಗೇ ನಡೆದು ಬಂದು ನಿಲ್ಲುತ್ತಾರೆ.

"ಹಾಕ್ಕೊಳ್ಳಿ ಅಂದ್ರು. ಹಾಕ್ಕಂತಾ ಇದ್ದೆ, ಹಾಕ್ಕಂತಾ ಇದ್ದೆ... ಮನೇಲಿ ಯಾರು ಹಾಕ್ತಾರೆ ಅಂತ ಕೇಳಿದ್ರು. ನಮ್ಮನೆಯವ್ಳು ಅಂದೆ. ಹಲ್ಲುಪುಡಿ, ರೊಟ್ಟಿ ಎಲ್ಲಾ ಹೇಳ್ದೆ ಕಣಮ್ಮಾ. ಆ ಶರ್ಟೂ ಕೊಟ್ಟೆ. ಟಕ್ಕು ಟಕ್ಕು ಅಂತ ಎರಡು ಸಲ ಒತ್ತಿ ನೋಡಿ, ಹೋದ ಸಲ ಇದನ್ನ ಯಾಕೆ ಹೇಳ್ನಿಲ್ಲ ಅಂದ್ರು."

"ನೀವೇನಂದ್ರಿ?"

"ನಾಚಿಕೆ ಆಯ್ತು ಸಾ ಅಂದೆ."

ಕೆಂಪಲಕ್ಷ್ಮಮ್ಮ ಎದ್ದು, ತಪ್ಪು ಕಾಜದ ಗುಂಡಿ ಬಿಚ್ಚಿ, ಮೇಲಿನಿಂದ ಕೆಳಗಿನವರೆಗೆ ಒಂದೊಂದಾಗಿ ಹಾಕುತ್ತಾರೆ. ಈ ಸಲ ಅವರೂ ತಮ್ಮ ಕೈಯನ್ನೇ ನೋಡುತ್ತಿದ್ದಾರೆ.

ಹೀಗೆ ಎಷ್ಟು ಜನರ ಜೊತೆ ಹೋಗಿದ್ದೀರಿ ಎಂದರೆ ರುದ್ರಮ್ಮ ಲೆಕ್ಕ ಇಟ್ಟಿಲ್ಲ. ಎಲ್ಲರದೂ ಆಗಿಲ್ಲ. ಬಿದ್ದುಹೋದವೂ ಇವೆ, ಆದೇಶ ಬರುವ ಮುಂಚೆ ತೀರಿಕೊಂಡವರೂ ಇದ್ದಾರೆ. ಹಬ್ಬದ ಹೊತ್ತಿನಲ್ಲಿ ಹೊಲಿಗೆ ಬಿಟ್ಟು ಹೋಗಿದ್ದಕ್ಕೆ ಗಿರಾಕಿಗಳನ್ನು ಕಳೆದುಕೊಂಡದ್ದೂ ಉಂಟು. ಕೆಲವರಂತೂ ಅವರ ಮಾತು ಕೇಳದೆ ರೇಷ್ಮೆ ಸೀರೆ ಉಟ್ಟೇ ಹೋಗುತ್ತಾರೆ. "ಬೈಯಕ್ಕಾಗಲ್ಲ. ಇದ್ದಿದ್ದು ಇದ್ದಂಗೆ ತೋರ್ಸೋದು ಅಂದ್ರೆ ಸುಲಭ ಅಲ್ಲ ಕಣ್ರೀ. ನಾನೇ ಹೋಗಬೇಕಾದ್ರೂ ಒಳ್ಳೆ ಸೀರೇನೇ ಹುಡುಕ್ತೀನೇನೋ" ಎಂದು ನಗುತ್ತಾರೆ.

ತಿಂಗಳು ಕಳೆದ ಮೇಲೊಂದು ಬೆಳಿಗ್ಗೆ ಹಳೇಬೀಡಿನ ಅಂಗಡಿಯಲ್ಲಿ ಮತ್ತೆ ಚನ್ನಪ್ಪ. ಹೊಸ ಸರ್ಟಿಫಿಕೇಟಿನಲ್ಲಿ ಪ್ರಮಾಣ ನಲವತ್ತನ್ನು ಚೆನ್ನಾಗಿಯೇ ದಾಟಿದೆ. ಮಾಸಾಶನ ಮಂಜೂರಾಗಿದೆ, ಮನಿಯಾರ್ಡರು ಇನ್ನೂ ಬರಬೇಕು. ಬಸ್ ಪಾಸು ಜೇಬಿನಲ್ಲಿದೆ. ಅದರಲ್ಲೇ ಬಂದಿದ್ದಾರೆ, ಒಬ್ಬರೇ. ಎಡಕಂಕುಳಲ್ಲಿ ಬಿಳಿ ಬಟ್ಟೆಯ ಪೀಸು.

"ಟಿಚ್ ಬಟನ್ನೇ ಹಾಕಿ. ಮೇಲ್ಗಡೆ ಗುಂಡಿ ಮಾತ್ರ ಜೋರಾಗಿ ಕಾಣ್ಬೇಕು" ಎನ್ನುತ್ತಾರೆ.

"ಇನ್ನೂ ಜಂಬ ಹೋಗಿಲ್ಲ ನಿಮ್ಗೆ."

"ಸರ್ಕಾರದೋರಿಗೆ ತೋರ್ಸಾಯ್ತಲ್ಲಮ್ಮಾ. ಊರೋರಿಗ್ಯಾಕೆ?"

ರುದ್ರಮ್ಮ ಟೇಪು ಕೊರಳಿನಿಂದ ತೆಗೆದು ಅವರ ಇಳಿದ ಭುಜಕ್ಕೆ ಹಿಡಿಯುತ್ತಾರೆ. ಹತ್ತಿ ಎಷ್ಟು ಬೇಕೆಂದು ಬೆರಳಲ್ಲೇ ಅಂದಾಜು ಮಾಡುತ್ತಾರೆ. ಮುಂದೆ ಏನಾಸೆ ಎಂದು ಕೇಳಿದ್ದಕ್ಕೆ ಮಿಷನ್ನಿನ ಕಡೆ ತಿರುಗಿಕೊಂಡೇ ಉತ್ತರಿಸುತ್ತಾರೆ.

"ಡಾಕ್ಟರ ಮುಂದೆ ನಿಲ್ಲೋ ಒಂದಿನ ಬಿಟ್ಟು, ಮಿಕ್ಕ ದಿನ ನನ್ನ ಹೊಲಿಗೆ ಯಾರ ಕಣ್ಣಿಗೂ ಬೀಳಬಾರದು. ಅಷ್ಟೇ."